ವಿದ್ಯೆಯನ್ನು ಮಾರಬಹುದೇ: ಮಾಟುಂಗಾದ ತರಗತಿಯಿಂದ ದಿವಾದ ಮನೆಯವರೆಗೆ

ವಿದ್ಯೆಯನ್ನು ಮಾರಬಹುದೇ ಎಂಬುದು ಭಾರತೀಯ ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಮನುಸ್ಮೃತಿಯ ಎರಡನೆಯ ಅಧ್ಯಾಯ ಆಚಾರ್ಯನನ್ನೂ ಉಪಾಧ್ಯಾಯನನ್ನೂ ಬೇರೆ ಬೇರೆ ಸಾಲಿನಲ್ಲಿ ಕೂರಿಸುತ್ತದೆ. ಉಪನಯನ ಮಾಡಿಸಿ ಇಡೀ ವೇದವನ್ನು ಅದರ ಕಲ್ಪ, ರಹಸ್ಯಗಳ ಸಮೇತ ಕಲಿಸುವವನು ಆಚಾರ್ಯ. ಹೊಟ್ಟೆಪಾಡಿಗಾಗಿ ವೇದದ ಒಂದು ಭಾಗವನ್ನೋ ಒಂದು ವೇದಾಂಗವನ್ನೋ ಹೇಳಿಕೊಡುವವನು ಉಪಾಧ್ಯಾಯ. ಮೂರನೆಯ ಅಧ್ಯಾಯ ಇನ್ನೂ ಕಠಿಣ: ಸಂಬಳಕ್ಕೆ ಪಾಠ ಹೇಳುವವನ ಹೆಸರು ಅಲ್ಲಿ ಶ್ರಾದ್ಧದ ಪಂಕ್ತಿಗೆ ಕರೆಯಬಾರದವರ ಪಟ್ಟಿಯಲ್ಲಿದೆ. ಗ್ರೀಸ್ ದೇಶದಲ್ಲೂ ಇದೇ ಬಗೆಯ ಅಸಮಾಧಾನವಿತ್ತು. ಶುಲ್ಕ ಪಡೆದು ವಾಕ್ಚಾತುರ್ಯ ಕಲಿಸುತ್ತಿದ್ದ ಸೋಫಿಸ್ಟರ ಮೇಲೆ ಪ್ಲೇಟೋ ಹೊರಿಸಿದ ಆರೋಪಗಳಲ್ಲಿ ಮುಖ್ಯವಾದದ್ದು ಅವರು ಜ್ಞಾನವನ್ನು ಸಂತೆಗೆ ತಂದರು ಎಂಬುದು.

ಇಂದು ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಪ್ರಾಧ್ಯಾಪಕನಿಗೆ ಸಂಬಳ ಕೊಡುವುದು ಸರ್ಕಾರ ಅಥವಾ ವಿಶ್ವವಿದ್ಯಾಲಯ. ಅದರ ಬಗ್ಗೆ ಯಾರ ಆಕ್ಷೇಪವೂ ಇಲ್ಲ. ಆದರೆ ಅವನ ಪ್ರಯೋಗಾಲಯದಲ್ಲಿ ಹುಟ್ಟಿದ ವಿಧಾನವನ್ನು ಅವನ ವಿದ್ಯಾರ್ಥಿ ಹೊರಗೆ ಒಯ್ದು ಕಾರ್ಖಾನೆ ಕಟ್ಟಿ ಲಾಭ ಮಾಡಿದರೆ? ಆ ವಿದ್ಯಾರ್ಥಿಗೆ ಧೈರ್ಯ ಹೇಳಿ, ದಾರಿ ತೋರಿಸಿ, ಉದ್ಯಮಿಯಾಗು ಎಂದು ಹುರಿದುಂಬಿಸುವುದೇ ಪ್ರಾಧ್ಯಾಪಕನ ಬದುಕಿನ ಕೆಲಸವಾದರೆ? ಅವನನ್ನು ಆಚಾರ್ಯನೆನ್ನಬೇಕೇ, ಉಪಾಧ್ಯಾಯನೆನ್ನಬೇಕೇ, ವರ್ತಕನೆನ್ನಬೇಕೇ? ಮುಂಬಯಿಯ ಮಾಟುಂಗಾದಲ್ಲಿರುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಇತಿಹಾಸ ಮತ್ತು ಅಲ್ಲಿನ ಪ್ರಾಧ್ಯಾಪಕ ಮನಮೋಹನ ಶರ್ಮರ ವೃತ್ತಿಜೀವನ ಈ ಪ್ರಶ್ನೆಯನ್ನು ಮುಟ್ಟಿ ನೋಡಲು ಸಿಗುವ ಒಳ್ಳೆಯ ನಿದರ್ಶನ. ಆ ವಿದ್ಯೆ ಕಾರ್ಖಾನೆಗಳಾಗಿ ಬೇರುಬಿಟ್ಟದ್ದು ಥಾಣೆ, ಡೊಂಬಿವಲಿ, ನವಿಮುಂಬಯಿಗಳ ಕೈಗಾರಿಕಾ ಪಟ್ಟಿಯಲ್ಲಿ. ಆ ಊರುಗಳ ನಡುವೆ ಇರುವ ದಿವಾ ಜಂಕ್ಷನ್ನಿನ ಸುತ್ತ ದುಡಿಯುವ ಜನರ ಮನೆಗಳಿವೆ.

ಶಾಸ್ತ್ರದ ಮಾತನ್ನು ಮೊದಲು ಸರಿಯಾಗಿ ಓದಿಕೊಳ್ಳಬೇಕು. ಕಾಳಿದಾಸನ ಮಾಲವಿಕಾಗ್ನಿಮಿತ್ರ ನಾಟಕದ ಮೊದಲ ಅಂಕದಲ್ಲಿ ಇಬ್ಬರು ನಾಟ್ಯಾಚಾರ್ಯರ ನಡುವೆ ಮೇಲಾಟ ನಡೆಯುತ್ತದೆ. ಅವರಲ್ಲಿ ಒಬ್ಬನಾದ ಗಣದಾಸ, ಬರಿಯ ಜೀವನೋಪಾಯಕ್ಕಾಗಿ ಮಾತ್ರ ಕಲಿತವನು ಜ್ಞಾನದ ಸರಕನ್ನು ಮಾರುವ ವ್ಯಾಪಾರಿ ಎಂಬ ಅರ್ಥದ ಮಾತನ್ನಾಡುತ್ತಾನೆ. ವಿದ್ಯಾವಿಕ್ರಯವನ್ನು ಹಳಿಯುವವರು ಈ ಮಾತನ್ನು ಆಗಾಗ ನೆನೆಯುತ್ತಾರೆ, ಆದರೆ ಅದರಲ್ಲಿರುವ ‘ಮಾತ್ರ’ ಎಂಬುದನ್ನು ಬಿಟ್ಟುಬಿಡುತ್ತಾರೆ. ಮಾತನ್ನಾಡಿದ ಗಣದಾಸನೇ ಅರಮನೆಯ ಸಂಬಳದಲ್ಲಿರುವವನು. ಅವನು ನಿಂದಿಸುವುದು ಸಂಬಳವನ್ನಲ್ಲ. ಸಂಬಳದ ಆಚೆಗೆ ಏನೂ ಇಲ್ಲದ ಕಲಿಕೆಯನ್ನು, ಸವಾಲು ಬಂದಾಗ ಹಿಂಜರಿಯುವ ವಿದ್ಯೆಯನ್ನು.

ರಘುವಂಶದ ಐದನೆಯ ಸರ್ಗದ ಕೌತ್ಸನ ಕಥೆ ಇದಕ್ಕಿಂತ ಆಳವಾದದ್ದು. ವರತಂತುವಿನ ಶಿಷ್ಯನಾದ ಕೌತ್ಸ ವಿದ್ಯೆ ಮುಗಿಸಿ ಗುರುದಕ್ಷಿಣೆ ಏನು ಕೊಡಲಿ ಎಂದು ಕೇಳಿದಾಗ, ನಿನ್ನ ಸೇವೆಯೇ ಸಾಕು ಎಂಬುದು ಗುರುವಿನ ಉತ್ತರ. ಶಿಷ್ಯ ಮತ್ತೆ ಮತ್ತೆ ಒತ್ತಾಯಿಸಿದಾಗ ಬೇಸತ್ತ ಗುರು, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನು ತಾ ಎನ್ನುತ್ತಾನೆ. ಕೌತ್ಸ ರಘುವಿನ ಬಳಿಗೆ ಹೋಗುವ ಹೊತ್ತಿಗೆ ವಿಶ್ವಜಿತ್ ಯಾಗ ಮಾಡಿ ಎಲ್ಲವನ್ನೂ ದಾನ ಕೊಟ್ಟಿದ್ದ ಅರಸನ ಕೈಯಲ್ಲಿ ಉಳಿದದ್ದು ಮಣ್ಣಿನ ಪಾತ್ರೆ. ಕುಬೇರನ ಮೇಲೆ ದಂಡೆತ್ತಲು ರಘು ಸಜ್ಜಾದ ರಾತ್ರಿಯೇ ಬೊಕ್ಕಸದಲ್ಲಿ ಹೊನ್ನಿನ ಮಳೆ ಸುರಿಯುತ್ತದೆ. ಬಂದದ್ದನ್ನೆಲ್ಲ ಕೊಂಡೊಯ್ಯಿ ಎಂದು ಅರಸ. ಗುರುವಿಗೆ ಸಲ್ಲಬೇಕಾದಷ್ಟಕ್ಕಿಂತ ಒಂದು ಹೊನ್ನನ್ನೂ ಹೆಚ್ಚು ಮುಟ್ಟೆನೆಂದು ಶಿಷ್ಯ. ಸಾಕೇತದ ಜನ ಇಬ್ಬರನ್ನೂ ಮೆಚ್ಚಿದರು ಎಂದು ಕವಿ ಆ ಪ್ರಸಂಗವನ್ನು ಮುಗಿಸುತ್ತಾನೆ. ವಿದ್ಯೆಗೆ ಬೆಲೆ ಕಟ್ಟುವುದು ಇಲ್ಲಿ ನಡೆದೇಹೋಗುತ್ತದೆ, ಒಂದೊಂದು ವಿದ್ಯೆಗೆ ಒಂದೊಂದು ಕೋಟಿಯಂತೆ. ಆದರೆ ಬೆಲೆ ಹೇಳಿದ್ದು ಕಲಿಸುವ ಮೊದಲಲ್ಲ, ಕಲಿಸಿದ ಮೇಲೆ. ಹಣವಿಲ್ಲದವನಿಗೆ ವಿದ್ಯೆ ನಿಂತಿರಲಿಲ್ಲ. ವ್ಯಾಪಾರಕ್ಕೂ ದಕ್ಷಿಣೆಗೂ ಇರುವ ಅಂತರವೆಲ್ಲ ಈ ಹಿಂದುಮುಂದಿನಲ್ಲಿದೆ.

ಕನ್ನಡದ ವಚನಕಾರರು ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಹಿಡಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ (ಥಾಣೆ ಜಿಲ್ಲೆಯ ಕಲ್ಯಾಣವಲ್ಲ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ದುಡಿಮೆಗೂ ದೈವಕ್ಕೂ ನಡುವಿನ ಗೋಡೆಯನ್ನು ಅವರು ಕೆಡವಿದರು. ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯ, ಗುರುವಿಗೂ ಕಾಯಕದಿಂದ ವಿನಾಯಿತಿ ಇಲ್ಲ ಎಂದ. ಆ ಕಾಲಕ್ಕೆ ಇದು ತೀರ ದಿಟ್ಟವಾದ ಮಾತು. ಮನುಸ್ಮೃತಿ ದುಡ್ಡು ಮುಟ್ಟಿದ ಗುರುವನ್ನು ಪಂಕ್ತಿಯಿಂದ ಎಬ್ಬಿಸಿದರೆ, ಚಂದಯ್ಯ ದುಡಿಯದ ಗುರುವನ್ನು ಎಬ್ಬಿಸುತ್ತಾನೆ. ಹಾಗೆಂದು ವಚನಕಾರರು ಲಾಭಕ್ಕೆ ಎಲ್ಲೆಯಿಲ್ಲವೆನ್ನಲಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಅವನ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಕೌತ್ಸ ಹದಿನಾಲ್ಕು ಕೋಟಿಗೆ ನಿಂತ, ಲಕ್ಕಮ್ಮ ಒಂದು ದಿನದ ಅಕ್ಕಿಗೆ ನಿಂತಳು. ಇಬ್ಬರೂ ನಿಂತದ್ದು ಒಂದೇ ಗೆರೆಯಲ್ಲಿ. ಕಾಯಕದಿಂದ ಬಂದದ್ದು ದಾಸೋಹವಾಗಿ ಹರಿಯಬೇಕು, ಇಲ್ಲವಾದರೆ ಅದು ಕಾಯಕವೇ ಅಲ್ಲ ಎಂಬುದು ಶರಣರ ಅಳತೆಗೋಲು. ವಿಶ್ವವಿದ್ಯಾಲಯದ ಉದ್ಯಮಶೀಲತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ಸಿಗುವುದು ಕಷ್ಟ.

ಮಾಟುಂಗಾದ ಸಂಸ್ಥೆಯ ಹುಟ್ಟೇ ಉದ್ಯಮದ ಮಗ್ಗುಲಲ್ಲಿ ಆಯಿತು. 1933ರ ಅಕ್ಟೋಬರ್ 1ರಂದು ಬೊಂಬಾಯಿ ವಿಶ್ವವಿದ್ಯಾಲಯ ರಾಸಾಯನಿಕ ತಂತ್ರಜ್ಞಾನ ವಿಭಾಗವನ್ನು ತೆರೆಯಿತು. ಆಗ ಉಪಕುಲಪತಿಯಾಗಿದ್ದವರು ವಿಠ್ಠಲ ಚಂದಾವರ್ಕರ್. ಅವರ ತಂದೆ ನ್ಯಾಯಮೂರ್ತಿ ನಾರಾಯಣ ಚಂದಾವರ್ಕರ್ ಹುಟ್ಟಿದ ಊರು ಉತ್ತರ ಕನ್ನಡದ ಹೊನ್ನಾವರ. ಇಂಥ ಒಂದು ವಿಭಾಗ ಬೇಕೇ ಬೇಕೆಂದು ವಾದಿಸಿದವರಲ್ಲಿ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಮೊದಲು ಶುರುವಾದದ್ದು ಜವಳಿ ರಸಾಯನಶಾಸ್ತ್ರ ಮತ್ತು ರಾಸಾಯನಿಕ ಎಂಜಿನಿಯರಿಂಗ್. ಗಿರಣಿಗಳ ನಗರಕ್ಕೆ ಬಣ್ಣ, ಬ್ಲೀಚು, ಪಿಷ್ಟಗಳ ಜ್ಞಾನ ಬೇಕಾಗಿತ್ತು, ವಿಶ್ವವಿದ್ಯಾಲಯ ಅದನ್ನು ಕೊಡಲು ಹೊರಟಿತು. ಬಳಿಕ ವಿಭಾಗ ಮಾಟುಂಗಾದ ಸ್ವಂತ ಆವರಣಕ್ಕೆ ಬಂತು. ಜನ ಅದನ್ನು ಯುಡಿಸಿಟಿ ಎಂದೇ ಕರೆದರು. 2008ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಹೊನ್ನಾವರದ ಮೂಲದ ಒಬ್ಬ ವಕೀಲ, ಮೈಸೂರಿನ ಒಬ್ಬ ಎಂಜಿನಿಯರ್ ಸೇರಿ ಮುಂಬಯಿಗೆ ಬಯಸಿದ್ದು ಸರಸ್ವತಿಯೂ ಲಕ್ಷ್ಮಿಯೂ ಒಂದೇ ಸೂರಿನಡಿ ಇರಬಹುದಾದ ಮನೆಯನ್ನು.

ಮನಮೋಹನ ಶರ್ಮ ಹುಟ್ಟಿದ್ದು 1937ರ ಮೇ 1ರಂದು, ರಾಜಸ್ಥಾನದ ಜೋಧಪುರದಲ್ಲಿ. ಯುಡಿಸಿಟಿಯಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಪಿ. ವಿ. ಡಾಂಕ್‌ವರ್ಟ್ಸ್ ಅವರ ಬಳಿ ಡಾಕ್ಟರೇಟ್ ಪಡೆದು, 1964ರಲ್ಲಿ ತಾವು ಓದಿದ ವಿಭಾಗಕ್ಕೇ ಪ್ರಾಧ್ಯಾಪಕರಾಗಿ ಮರಳಿದಾಗ ಅವರ ವಯಸ್ಸು 27. 1989ರಿಂದ 1997ರವರೆಗೆ ನಿರ್ದೇಶಕರು. 1990ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯ ಎಂಜಿನಿಯರ್. 1987ರಲ್ಲಿ ಪದ್ಮಭೂಷಣ, 2001ರಲ್ಲಿ ಪದ್ಮವಿಭೂಷಣ. ಬೆಂಗಳೂರಿನಲ್ಲಿ ಹುಟ್ಟಿದ ಎಲ್. ಕೆ. ದೊರೈಸ್ವಾಮಿಯವರ ಜೊತೆ ಅವರು ಬರೆದ, ಬಹುಪ್ರಾವಸ್ಥೆಯ ರಾಸಾಯನಿಕ ಕ್ರಿಯೆಗಳ ಕುರಿತ ಎರಡು ಸಂಪುಟಗಳ ಗ್ರಂಥ 1984ರಲ್ಲಿ ಹೊರಬಂದು ಆ ಕ್ಷೇತ್ರದ ಆಕರವಾಯಿತು.

ಪ್ರಶಸ್ತಿಗಳಿಗಿಂತ ಇಲ್ಲಿ ಮುಖ್ಯವಾದದ್ದು ಅವರ ವಿದ್ಯೆಯ ಸ್ವರೂಪ. ಒಂದು ಅನಿಲ ದ್ರವದೊಳಗೆ ಕರಗುತ್ತ ಅಲ್ಲೇ ಕ್ರಿಯೆ ನಡೆಸುವಾಗ ಒಟ್ಟು ಕೆಲಸದ ವೇಗವನ್ನು ತಡೆದು ಹಿಡಿಯುವುದು ಯಾವುದು, ಕರಗುವಿಕೆಯೋ ಕ್ರಿಯೆಯೋ? ಅನಿಲದ ಗುಳ್ಳೆಗಳ ಹೊರಮೈ ಒಟ್ಟು ಎಷ್ಟು ಚದರ ಮೀಟರ್ ಎಂದು ಅಳೆಯುವುದು ಹೇಗೆ? ಶರ್ಮರ ಸಂಶೋಧನೆ ಬಹುಮಟ್ಟಿಗೆ ಇಂಥ ಪ್ರಶ್ನೆಗಳ ಸುತ್ತ ಬೆಳೆಯಿತು. ಇದು ಶುದ್ಧ ವಿಜ್ಞಾನದ ಪ್ರಶ್ನೆ, ಕಾರ್ಖಾನೆಯ ಪ್ರಶ್ನೆಯೂ ಹೌದು. ದೊಡ್ಡ ಗೊಬ್ಬರ ಕಾರ್ಖಾನೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವಾಗ ಬಳಕೆಯಾಗುವ ತತ್ವವೇ, ಎರಡು ಷೆಡ್ಡುಗಳ ಸಣ್ಣ ಘಟಕದಲ್ಲಿ ಕ್ಲೋರಿನ್ ಹಾಯಿಸುವಾಗಲೂ ಬಳಕೆಯಾಗುತ್ತದೆ. ತತ್ವ ಒಂದೇ, ತಯಾರಿಕೆಯ ಪಾಕ ಬೇರೆ ಬೇರೆ. ತತ್ವವನ್ನು ತರಗತಿಯಲ್ಲಿ ಎಲ್ಲರ ಮುಂದೆ ಹೇಳಬಹುದು, ಹೇಳಬೇಕು. ಪಾಕವನ್ನು ಶಿಷ್ಯ ತನ್ನ ಬೆವರಿನಿಂದ ಕಂಡುಕೊಳ್ಳುತ್ತಾನೆ. ಅದನ್ನು ಮಾರುವ ಹಕ್ಕು ಅವನಿಗಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1962ರಲ್ಲಿ ತೋರಿಸಿದ ಒಂದು ತೊಡಕು ಇಲ್ಲಿ ನೆನಪಾಗುತ್ತದೆ. ಜ್ಞಾನದ ಬೆಲೆ ಎಷ್ಟೆಂದು ಕೊಳ್ಳುವವನಿಗೆ ಗೊತ್ತಾಗಬೇಕಾದರೆ ಅದೇನೆಂದು ಅವನಿಗೆ ತಿಳಿಯಬೇಕು. ತಿಳಿದಮೇಲೆ ಅದು ಬಿಟ್ಟಿಯಾಗಿಯೇ ಅವನ ಕೈ ಸೇರಿದಂತೆ. ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳದೆ ಹೊರಟುಹೋಗಬಹುದು, ಜ್ಞಾನವನ್ನು ಹಾಗೆ ಮುಟ್ಟಿ ಬಿಟ್ಟುಹೋಗಲು ಬರುವುದಿಲ್ಲ. ಕೊಟ್ಟಷ್ಟೂ ಕೊಟ್ಟವನಲ್ಲಿ ಕಡಿಮೆಯಾಗದ ವಸ್ತು ವಿದ್ಯೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದದ್ದೂ ಇದೇ ಗುಣವನ್ನು. ವಿದ್ಯಾವಿಕ್ರಯದ ನಿಷೇಧಕ್ಕೆ ನೀತಿಯ ಕಾರಣವಷ್ಟೇ ಅಲ್ಲ, ವಸ್ತುವಿನ ಸ್ವಭಾವದ ಕಾರಣವೂ ಇದೆ.

ಶರ್ಮರ ತರಗತಿಯ ವಿದ್ಯೆ ಸಣ್ಣ ಉದ್ಯಮವಾಗಿ ಒಡೆದು ಬೆಳೆಯಲು ಒಂದು ಕಾನೂನು ನೆಲ ಹದ ಮಾಡಿಕೊಟ್ಟಿತು. ಭಾರತದ 1970ರ ಪೇಟೆಂಟ್ ಕಾಯ್ದೆ ಆಹಾರ, ಔಷಧ ಮತ್ತು ರಾಸಾಯನಿಕ ಕ್ರಿಯೆಯಿಂದ ತಯಾರಾಗುವ ವಸ್ತುಗಳಿಗೆ ಉತ್ಪನ್ನದ ಪೇಟೆಂಟ್ ಕೊಡಲಿಲ್ಲ. ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಬೇರೆ ದಾರಿಯಲ್ಲಿ ಅದೇ ವಸ್ತುವನ್ನು ತಯಾರಿಸಬಲ್ಲವನಿಗೆ ಬಾಗಿಲು ತೆರೆದಿತ್ತು. 2005ರಲ್ಲಿ ಕಾನೂನು ಬದಲಾಗುವವರೆಗೂ ಹೊಸ ವಿಧಾನ ಹುಡುಕಬಲ್ಲ ರಾಸಾಯನಿಕ ಎಂಜಿನಿಯರನ ತಲೆಯೇ ಅವನ ಬಂಡವಾಳವಾಗಿತ್ತು. ವಿಧಾನವನ್ನು ಹುಡುಕುವ ವಿದ್ಯೆ ಕಲಿಸುತ್ತಿದ್ದ ಪ್ರಮುಖ ತಾಣಗಳಲ್ಲಿ ಒಂದು ಮಾಟುಂಗಾದ ವಿಭಾಗ. ಔಷಧೋದ್ಯಮಿ ಕೆ. ಅಂಜಿರೆಡ್ಡಿ, ಏಷ್ಯನ್ ಪೇಂಟ್ಸ್‌ನ ಅಶ್ವಿನ್ ದಾನಿ, ಅಂಬುಜಾ ಸಿಮೆಂಟ್ ಕಟ್ಟಿದ ನರೋತ್ತಮ ಸೇಖ್‌ಸರಿಯಾ, ರಿಲಯನ್ಸ್‌ನ ಮುಕೇಶ್ ಅಂಬಾನಿ ಇವರೆಲ್ಲ ಆ ಆವರಣದಲ್ಲಿ ಓದಿದವರು.

ಈ ದೊಡ್ಡ ಹೆಸರುಗಳಿಗಿಂತ ನಮ್ಮ ಪ್ರಶ್ನೆಗೆ ಹತ್ತಿರವಾದವರು ಕೇಕಿ ಘಾರ್ಡಾ. 1929ರಲ್ಲಿ ಹುಟ್ಟಿದ ಅವರೂ ಯುಡಿಸಿಟಿಯ ವಿದ್ಯಾರ್ಥಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ ಮರಳಿ, ಸಣ್ಣದಾಗಿ ಬಣ್ಣದ ರಾಸಾಯನಿಕಗಳಿಂದ ಶುರುಮಾಡಿ, ಡೊಂಬಿವಲಿಯಲ್ಲಿ ಕಾರ್ಖಾನೆ ಕಟ್ಟಿದರು. ಗೋಧಿ ಹೊಲದ ಕಳೆಗೆ ಹೊಡೆಯುವ ಐಸೋಪ್ರೋಟ್ಯುರಾನ್ ಎಂಬ ರಾಸಾಯನಿಕವನ್ನು ತಮ್ಮದೇ ವಿಧಾನದಿಂದ ತಯಾರಿಸಿ ಅದರ ಬೆಲೆಯನ್ನು ಬಹಳಷ್ಟು ಇಳಿಸಿದರು. 2016ರಲ್ಲಿ ಪದ್ಮಶ್ರೀ ಬಂತು. 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಪಾಕ ಮಾರಿದ ಶಿಷ್ಯನ ಕೆಲಸದಿಂದ ಪಂಜಾಬಿನ ರೈತನ ಖರ್ಚು ಇಳಿದರೆ ಅದನ್ನು ಕಾಯಕವೆನ್ನಲು ಅಡ್ಡಿಯಿಲ್ಲ.

ಇಂಥ ಕಾರ್ಖಾನೆಗಳಿಗೆ ನೆಲೆಯಾದ ಪ್ರದೇಶಗಳ ಹಿಂದಿದ್ದದ್ದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಜನರ ಬಾಯಲ್ಲಿ ಎಂಐಡಿಸಿ); ಅದು 1962ರಲ್ಲಿ ಹುಟ್ಟಿತು. ಥಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿಯ ಎಂಐಡಿಸಿ, ಇಂದು ನವಿಮುಂಬಯಿಗೆ ಸೇರಿದ ಥಾಣೆ-ಬೇಲಾಪುರ ಪಟ್ಟಿ ಸಣ್ಣ ಮತ್ತು ಮಧ್ಯಮ ಘಟಕಗಳಿಂದ ತುಂಬಿದವು. ಬಣ್ಣ, ಔಷಧದ ಇಂಟರ್‌ಮೀಡಿಯೇಟ್, ಕೀಟನಾಶಕ, ಸುಗಂಧ, ದ್ರಾವಕಗಳ ಮರುಶುದ್ಧೀಕರಣ: ಇಲ್ಲಿನ ಷೆಡ್ಡುಗಳಲ್ಲಿ ಏನೇನು ತಯಾರಾಯಿತೋ ಅದರ ಪಟ್ಟಿ ಮಾಡುವುದೇ ಕಷ್ಟ. ಅವುಗಳ ಯಜಮಾನರೆಲ್ಲ ಎಂಜಿನಿಯರರಾಗಿರಲಿಲ್ಲ. ಬೇರೆಯವರ ಘಟಕದಲ್ಲಿ ಕೆಲಸ ಮಾಡಿ ಕಲಿತು ಹೊರಬಂದವರು, ಸಾಲ ಮಾಡಿ ಒಂದು ರಿಯಾಕ್ಟರ್ ಇಟ್ಟವರು, ದೊಡ್ಡ ಕಂಪನಿಗೆ ಜಾಬ್‌ವರ್ಕ್ ಮಾಡಿಕೊಟ್ಟವರು ಅಲ್ಲಿದ್ದರು.

ವಿದ್ಯೆ ಮತ್ತು ದುಡಿಮೆ ಬೇರೆಯಲ್ಲವೆಂಬುದನ್ನು ಈ ಪ್ರದೇಶದ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬಯಿಯಲ್ಲಿ ಮೊಗವೀರ ಸಮಾಜದವರು 1908ರಲ್ಲೇ ರಾತ್ರಿ ಶಾಲೆ ತೆರೆದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಪುಸ್ತಕ ಹಿಡಿದರು, ಅವರಲ್ಲಿ ಎಷ್ಟೋ ಮಂದಿ ಮುಂದೆ ತಾವೇ ಹೋಟೆಲ್ ತೆರೆದರು, ಬ್ಯಾಂಕು ಸೇರಿದರು, ವಕೀಲರಾದರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಅದೇ ಹಂಬಲದ ಮುಂದುವರಿಕೆ. ರಾತ್ರಿ ಶಾಲೆಯ ಮೇಷ್ಟ್ರು ಉದ್ಯಮಶೀಲತೆ ಎಂಬ ಪದವನ್ನು ಬಳಸಿರಲಾರರು, ಆದರೆ ಅವರು ಮಾಡಿದ್ದು ಅದನ್ನೇ.

ಜ್ಞಾನ ಯಾರ ಸೊತ್ತು ಎಂಬ ಪ್ರಶ್ನೆ ಶರ್ಮರ ಶಿಷ್ಯಪರಂಪರೆಯೊಳಗೇ ಇನ್ನೊಂದು ರೀತಿಯಲ್ಲಿ ಎದ್ದಿತು. ಗಾಯ ವಾಸಿಮಾಡಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ಶರ್ಮರ ಬಳಿ ಡಾಕ್ಟರೇಟ್ ಮಾಡಿದ್ದ ರಘುನಾಥ ಮಾಶೇಲ್ಕರ್ ಆಗ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರು. ಮಂಡಳಿ ಹಳೆಯ ಗ್ರಂಥಗಳನ್ನೂ ಪತ್ರಿಕಾ ಲೇಖನಗಳನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅರಿಶಿನದ ಗುಣವನ್ನು ಕಂಡುಹಿಡಿದ ಅಜ್ಜಿ ಯಾರೆಂದು ಯಾರಿಗೂ ತಿಳಿಯದು. ಆಕೆ ಬೆಲೆ ಹೇಳಲಿಲ್ಲವೆಂಬ ಕಾರಣಕ್ಕೆ ಬೇರೊಬ್ಬರು ಬೆಲೆ ಹೇಳುವುದು ತಪ್ಪು ಎಂಬುದೇ ಆ ತೀರ್ಪಿನ ನೈತಿಕ ತಿರುಳು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1942ರಲ್ಲಿ ವಿಜ್ಞಾನದ ಧರ್ಮಗಳನ್ನು ಹೆಸರಿಸುವಾಗ ಜ್ಞಾನ ಎಲ್ಲರ ಸಾಮಾನ್ಯ ಸೊತ್ತು ಎಂಬುದನ್ನು ಅವುಗಳಲ್ಲಿ ಸೇರಿಸಿದ್ದ. 1980ರಲ್ಲಿ ಅಮೆರಿಕದ ಬೇ-ಡೋಲ್ ಕಾಯ್ದೆ, ಸರ್ಕಾರದ ಹಣದಿಂದ ನಡೆದ ಸಂಶೋಧನೆಗೂ ವಿಶ್ವವಿದ್ಯಾಲಯಗಳು ಪೇಟೆಂಟ್ ಹೊಂದಬಹುದೆಂದಿತು. ಅಂದಿನಿಂದ ಈ ಎರಡು ನಿಲುವುಗಳ ನಡುವಿನ ತಿಕ್ಕಾಟ ನಿಂತಿಲ್ಲ.

ಭಾರತದಲ್ಲೂ ಉದ್ಯಮಿಗಳನ್ನು ಬೆಳೆಸುವುದು ವಿದ್ಯಾಸಂಸ್ಥೆಗಳ ಅಧಿಕೃತ ಕೆಲಸವಾಯಿತು. 1982ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ಮಂಡಳಿ ರಚಿಸಿತು. ಸುರತ್ಕಲ್ಲು, ಮೈಸೂರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಉದ್ಯಮಿಗಳಿಗಾಗಿ ಪಾರ್ಕುಗಳು ಬಂದವು. ಪವಾಯಿಯ ಐಐಟಿಯಲ್ಲಿ 2004ರಲ್ಲಿ ‘ಸೈನ್’ ಎಂಬ ಇನ್‌ಕ್ಯುಬೇಟರ್ ಶುರುವಾಯಿತು. ಧರ್ಮದ ಮಗ್ಗುಲಿನಿಂದ ನೋಡಿದರೆ ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ಉಜಿರೆಯ ರುಡ್‌ಸೆಟ್. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿ 1982ರಲ್ಲಿ ಕಟ್ಟಿದ ಈ ಸಂಸ್ಥೆಯಲ್ಲಿ ನಿರುದ್ಯೋಗಿ ಯುವಜನರಿಗೆ ತರಬೇತಿ ಬಿಟ್ಟಿ, ಊಟ ಬಿಟ್ಟಿ, ವಸತಿ ಬಿಟ್ಟಿ. ಮೋಟಾರು ರಿಪೇರಿಯೋ ಹೊಲಿಗೆಯೋ ಕಲಿತು ಹೊರಡುವವನು ತನ್ನ ಅಂಗಡಿಯಲ್ಲಿ ಲಾಭ ಮಾಡಿಕೊಳ್ಳಬಹುದು, ಕಲಿಸಿದವರು ಅದರಲ್ಲಿ ಪಾಲು ಕೇಳುವುದಿಲ್ಲ. ಅನ್ನದಾನ, ವಿದ್ಯಾದಾನಗಳ ಕ್ಷೇತ್ರವೆಂದು ಹೆಸರಾದ ಊರು ವ್ಯಾಪಾರದ ವಿದ್ಯೆಯನ್ನೂ ದಾನದ ಪಟ್ಟಿಗೆ ಸೇರಿಸಿತು. ಈ ಮಾದರಿಯೇ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿತು.

2025ರ ಜೂನ್ 6ರಂದು ಮಾಟುಂಗಾದ ಸಂಸ್ಥೆಯಲ್ಲಿ ಶರ್ಮರ ಜೀವನಚರಿತ್ರೆಯ ಬಿಡುಗಡೆ ನಡೆಯಿತು. ಅಂದು ಮುಕೇಶ್ ಅಂಬಾನಿ ಸಂಸ್ಥೆಗೆ 151 ಕೋಟಿ ರೂಪಾಯಿ ಕೊಡುವುದಾಗಿ ಹೇಳಿದರು. ಅದಕ್ಕೆ ಅವರು ಇಟ್ಟ ಹೆಸರು ಗುರುದಕ್ಷಿಣೆ. ಯಾವ ಷರತ್ತೂ ಇಲ್ಲದ ಹಣ ಅದು. ಸಂಸ್ಥೆಗೆ ದೊಡ್ಡದೇನಾದರೂ ಮಾಡು ಎಂದು ಗುರುಗಳು ಹೇಳಿದ್ದರು ಎಂದರು. ಕೌತ್ಸನ ಕಥೆಯನ್ನು ಬಲ್ಲವರಿಗೆ ಆ ದೃಶ್ಯ ಅಪರಿಚಿತವೆನಿಸದು. ಗುರು ತನಗಾಗಿ ಕೇಳಲಿಲ್ಲ, ಮುಂದೆ ಕಲಿಯಲು ಬರುವವರಿಗಾಗಿ ಕೇಳಿದರು. ಕೊಟ್ಟದ್ದು ಕಲಿತ ಎಷ್ಟೋ ವರ್ಷಗಳ ಮೇಲೆ. ಶರ್ಮ ತಮ್ಮ ವೃತ್ತಿಯುದ್ದಕ್ಕೂ ಪ್ರಾಧ್ಯಾಪಕರಾಗಿಯೇ ಉಳಿದರು. ಅವರಿಂದ ಕಲಿತವರು ಉದ್ಯಮಗಳನ್ನು ಕಟ್ಟಿದರು. ತತ್ವವನ್ನು ಎಲ್ಲರಿಗೂ ತೆರೆದಿಟ್ಟು, ಪಾಕವನ್ನು ಶಿಷ್ಯರ ಕೈಗೆ ಬಿಟ್ಟು, ಬಂದ ಫಲ ಮತ್ತೆ ಕಲಿಕೆಗೇ ಹರಿಯುವಂತೆ ನೋಡಿಕೊಂಡ ಗುರುವನ್ನು ಯಾವ ಅಳತೆಯಿಂದಲೂ ವಿದ್ಯಾವಿಕ್ರಯಿ ಎನ್ನಲಾಗದು. ಋಷಿಋಣ ಎಂದು ವೇದ ಕರೆದದ್ದು ಇಲ್ಲಿ ತೀರಿದೆ.

ಆದರೆ ಋಣ ಅದೊಂದೇ ಅಲ್ಲ. ತೈತ್ತಿರೀಯ ಸಂಹಿತೆ ಋಷಿ, ದೇವ, ಪಿತೃಗಳಿಗೆ ಸಲ್ಲಬೇಕಾದ ಮೂರು ಋಣಗಳನ್ನು ಹೇಳಿದರೆ, ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ: ಮನುಷ್ಯಋಣ. ವಿದ್ಯೆ ಉದ್ಯಮವಾದಾಗ ಎದುರು ನಿಲ್ಲುವ ಋಣ ಇದು. ಮಾಟುಂಗಾದಲ್ಲಿ ನಿಂತು ನೋಡಿದರೆ ಇದು ಸರಿಯಾಗಿ ಕಾಣುವುದಿಲ್ಲ. ದಿವಾದಲ್ಲಿ ನಿಂತರೆ ಕಾಣುತ್ತದೆ.

ದಿವಾ ಮಧ್ಯರೈಲ್ವೆಯಲ್ಲಿ ಮುಂಬ್ರಾ ಮತ್ತು ಡೊಂಬಿವಲಿಯ ಕಡೆಯ ನಿಲ್ದಾಣಗಳ ನಡುವಿನ ಜಂಕ್ಷನ್. ವಸಯಿಗೂ ಪನವೇಲಿಗೂ ಇಲ್ಲಿಂದ ಹಳಿಗಳು ಕವಲೊಡೆಯುತ್ತವೆ. ಸಾವಂತವಾಡಿಯ ರೈಲು ಹಿಡಿಯಲು ಕೊಂಕಣದ ಜನ ಇಲ್ಲಿಗೆ ಬರುತ್ತಾರೆ. ಊರು ಥಾಣೆ ಮಹಾನಗರಪಾಲಿಕೆಗೆ ಸೇರಿದ್ದು. ಥಾಣೆಯ ಕಸ ವರ್ಷಗಟ್ಟಲೆ ಇಲ್ಲಿಯೇ ಬಂದು ಬಿತ್ತು. ಬಾಡಿಗೆ ಕಡಿಮೆ ಎಂದು ಚಾಳುಗಳಲ್ಲೂ ಒತ್ತೊತ್ತಾದ ಕಟ್ಟಡಗಳಲ್ಲೂ ನೆಲೆಸಿದವರು ಬೆಳಗಿನ ಲೋಕಲ್‌ನ ಬಾಗಿಲಿಗೆ ನೇತುಬಿದ್ದು ಕೆಲಸಕ್ಕೆ ಹೋಗುತ್ತಾರೆ. ರಿಯಾಕ್ಟರಿನ ಮುಚ್ಚಳ ತೆಗೆಯುವುದು, ಡ್ರಮ್ ಉರುಳಿಸುವುದು, ಫಿಲ್ಟರ್ ತೊಳೆಯುವುದು ಇಂಥ ಊರುಗಳ ಜನರ ಪಾಲಿನ ಕೆಲಸ.

2016ರ ಮೇ 26ರಂದು ಡೊಂಬಿವಲಿ ಎಂಐಡಿಸಿಯ ಒಂದು ರಾಸಾಯನಿಕ ಘಟಕ ಸ್ಫೋಟಿಸಿ 12 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. 2024ರ ಮೇ 23ರಂದು ಅದೇ ಪ್ರದೇಶದ ಇನ್ನೊಂದು ಘಟಕದಲ್ಲಿ ರಿಯಾಕ್ಟರ್ ಸ್ಫೋಟಿಸಿತು. ಸತ್ತವರು ಹತ್ತಕ್ಕೂ ಹೆಚ್ಚು. ಇವಕ್ಕೂ ಮಾಟುಂಗಾದ ಯಾವ ಪ್ರಾಧ್ಯಾಪಕರಿಗೂ ಸಂಬಂಧ ಕಟ್ಟುವುದು ಅನ್ಯಾಯ. ಆದರೆ ಇಂಥ ಸ್ಫೋಟಗಳ ಹಿಂದಿನ ವಿಜ್ಞಾನ ಆ ತರಗತಿಗಳಲ್ಲಿ ಕಲಿಸುವ ಮೊದಲ ಪಾಠಗಳಲ್ಲೇ ಇದೆ. ಶಾಖ ಹೊರಬಿಡುವ ಕ್ರಿಯೆಯನ್ನು ಗಾಜಿನ ಬುರುಡೆಯಲ್ಲಿ ನಡೆಸಿದಾಗ ಶಾಖ ಗೋಡೆಯ ಮೂಲಕ ಸುಲಭವಾಗಿ ಹೊರಹೋಗುತ್ತದೆ. ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಒಳಗಿನ ದ್ರವ ಎಂಟು ಪಟ್ಟಾಗುತ್ತದೆ, ಶಾಖ ಹೊರಹೋಗುವ ಮೈ ನಾಲ್ಕೇ ಪಟ್ಟಾಗುತ್ತದೆ. ಪಾತ್ರೆ ದೊಡ್ಡದಾದಷ್ಟೂ ಈ ಅಂತರ ಬೆಳೆಯುತ್ತದೆ. ತಂಪು ನೀರಿನ ಹರಿವು ನಿಂತರೆ ಉಷ್ಣತೆ ಏರುತ್ತದೆ, ಉಷ್ಣತೆ ಏರಿದರೆ ಕ್ರಿಯೆಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ಶಾಖ ಇನ್ನೂ ಹೆಚ್ಚುತ್ತದೆ. ಕೆಲವೇ ನಿಮಿಷಗಳಲ್ಲಿ ಯಾರ ಕೈಗೂ ಸಿಗದ ಸ್ಥಿತಿ ಬರುತ್ತದೆ.

ಪಾಕ ಮಾರುವವನು ಈ ಲೆಕ್ಕವನ್ನೂ ಜೊತೆಗೆ ಕೊಡುತ್ತಾನೆಯೇ? ಸಣ್ಣ ಘಟಕಗಳ ಲೋಕದಲ್ಲಿ ಒಂದು ಹಾಳೆಯ ಮೇಲೆ ಬರೆದ ವಿಧಾನ ಕೈಯಿಂದ ಕೈಗೆ ಹೋಗುತ್ತದೆ: ಇಷ್ಟು ಕಿಲೋ ಇದು, ಇಷ್ಟು ಅದು, ಇಷ್ಟು ಹೊತ್ತು ಕಲಕು. ಏಕೆ ಎಂಬುದು ಆ ಹಾಳೆಯಲ್ಲಿ ಇರುವುದಿಲ್ಲ. ವಿದ್ಯಾವಿಕ್ರಯದ ಹಳೆಯ ಚರ್ಚೆ ಗಮನಿಸದೆ ಹೋದದ್ದು ಇದನ್ನು. ವಿದ್ಯೆಯನ್ನು ಮಾರುವುದಕ್ಕಿಂತ ಅರೆವಿದ್ಯೆಯನ್ನು ಮಾರುವುದು ದೊಡ್ಡ ಪಾಪ. ಆಚಾರ್ಯನೆಂದರೆ ವೇದವನ್ನು ರಹಸ್ಯದ ಸಮೇತ ಕಲಿಸುವವನು, ಉಪಾಧ್ಯಾಯನೆಂದರೆ ಒಂದು ಭಾಗವನ್ನು ಮಾತ್ರ ಕಲಿಸುವವನು ಎಂಬ ಮನುಸ್ಮೃತಿಯ ಭೇದಕ್ಕೆ ಇಲ್ಲಿ ಅನಿರೀಕ್ಷಿತವಾದ ಹೊಸ ಅರ್ಥ ಬರುತ್ತದೆ. ಭಾಗವನ್ನಷ್ಟೇ ಕೊಟ್ಟರೆ ಸಾಲದು. ಪೂರ್ಣವನ್ನು ಕೊಡಬೇಕು, ಅದೂ ಯಜಮಾನನಿಗೆ ಮಾತ್ರವಲ್ಲ, ರಿಯಾಕ್ಟರಿನ ಪಕ್ಕದಲ್ಲಿ ನಿಲ್ಲುವವನಿಗೂ, ಅವನಿಗೆ ತಿಳಿಯುವ ಭಾಷೆಯಲ್ಲಿ.

ಉದ್ಯಮಶೀಲತೆಯನ್ನು ಕಲಿಸುವ ವಿಶ್ವವಿದ್ಯಾಲಯಗಳು ಪೇಟೆಂಟುಗಳನ್ನು ಎಣಿಸುತ್ತವೆ, ಹುಟ್ಟಿದ ಕಂಪನಿಗಳನ್ನು ಎಣಿಸುತ್ತವೆ, ಬಂದ ಹೂಡಿಕೆಯನ್ನು ಎಣಿಸುತ್ತವೆ. ತಮ್ಮ ವಿದ್ಯೆ ತಲುಪಿದ ಷೆಡ್ಡುಗಳಲ್ಲಿ ಎಷ್ಟು ಕಾರ್ಮಿಕರು ಸುರಕ್ಷಿತವಾಗಿ ಮನೆಗೆ ಮರಳಿದರು ಎಂಬುದನ್ನೂ ಅವು ಎಣಿಸಬೇಕು. ಮಾಟುಂಗಾದಂಥ ಸಂಸ್ಥೆಯೊಂದು ವಾರಕ್ಕೊಮ್ಮೆ ಸಂಜೆ ಡೊಂಬಿವಲಿಯಲ್ಲೋ ದಿವಾದಲ್ಲೋ ಕಾರ್ಮಿಕರಿಗೆ ಬಿಟ್ಟಿ ಪಾಠ ನಡೆಸಿದರೆ, ಮುಂಬಯಿಯ ರಾತ್ರಿ ಶಾಲೆಗಳ ಪುಣ್ಯಕ್ಕೆ ಇನ್ನೊಂದು ಹಣತೆ ಸೇರಿದಂತಾಗುತ್ತದೆ; 151 ಕೋಟಿಯಲ್ಲಿ ಅದಕ್ಕೆ ಬೇಕಾಗುವುದು ತೀರ ಚಿಕ್ಕ ಪಾಲು. ಸ್ಫೋಟಗಳ ಬಳಿಕ ಅಪಾಯಕಾರಿ ಘಟಕಗಳನ್ನು ವಸತಿ ಪ್ರದೇಶದಿಂದ ದೂರ ಸಾಗಿಸುವ ಮಾತನ್ನು ರಾಜ್ಯ ಸರ್ಕಾರ ಆಡಿದೆ. ಘಟಕ ದೂರ ಹೋದರೂ ಅದರೊಳಗೆ ಕೆಲಸ ಮಾಡುವವನು ಇದ್ದೇ ಇರುತ್ತಾನೆ, ಅವನಿಗೆ ಪಾಠ ಬೇಕೇ ಬೇಕು.

ಮನುಷ್ಯಋಣವನ್ನು ತೀರಿಸುವ ಬಗೆಯನ್ನೂ ಶತಪಥ ಬ್ರಾಹ್ಮಣ ಅಲ್ಲೇ ಹೇಳಿದೆ: ಜನರಿಗೆ ನೆಲೆ ಕೊಡುವುದು ಮತ್ತು ಅನ್ನ ಕೊಡುವುದು.